ಕೆಜಿಎಫ್ ಎಲ್ಲಿ ಹೋಯ್ತು?

(ಕೋಲಾರದ ಪದವಿ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಅವರ ಅಧ್ಯಾಪಕರ ಎದುರು ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ 'ಅಪರಾಧಶಾಸ್ತ್ರ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಬೆಂಬಲ' ಎಂದು ಹಾಕಿದ್ದೀರಿ. ಕೋಲಾರದಲ್ಲಿ ಬೆಂಬಲ ಅಂದರೆ ಮೊದಲು ನೆನಪಾಗುವುದು ಬೆಂಬಲ ಬೆಲೆ. ಅದು ಬೇಕಾದಾಗ ಸಿಗುವುದಿಲ್ಲ, ಸಿಕ್ಕಾಗ ಬೆಳೆ ಕೈಯಲ್ಲಿ ಇರುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಓದಿಗೆ ಸಿಗುವ ಬೆಂಬಲದ ಕಥೆಯೂ ಹೆಚ್ಚುಕಡಿಮೆ ಹಾಗೇ ಇದೆ. ಪರೀಕ್ಷೆಗೆ ಹತ್ತು ದಿನ ಇರುವಾಗ ನೋಟ್ಸ್ ಕೊಡುತ್ತಾರೆ. ಪ್ರಾಜೆಕ್ಟ್ ಬೈಂಡ್ ಆದ ಮೇಲೆ ಗೈಡ್ ಅದನ್ನು ನೋಡುತ್ತಾರೆ.

ನಗಬೇಡಿ. ನಾನೂ ಅದೇ ದಾರಿಯಲ್ಲಿ ಬಂದವಳು. ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ.

ಎಂ.ಎ. ಓದುವಾಗ ಕೋಲಾರ ಜಿಲ್ಲೆಯ ಕಳವು ಪ್ರಕರಣಗಳ ಮೇಲೆ ಕಿರುಪ್ರಬಂಧ ಬರೆದಿದ್ದೆ. ಎಂಬತ್ತು ಪುಟ. ಅಂಕಿ ಅಂಶ, ಬಣ್ಣದ ನಕ್ಷೆ, ಎಲ್ಲಾ ಇತ್ತು. ನನ್ನ ಗೈಡ್ ಒಳ್ಳೆಯವರೇ. ಪುಟ ತಿರುವಿ, 'ಚೆನ್ನಾಗಿದೆಯಮ್ಮ' ಎಂದು ಸಹಿ ಹಾಕಿದ್ದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ವಯಸ್ಸಾದ ಮೇಷ್ಟ್ರು ಬಂದಿದ್ದರು. ನನ್ನ ಕೋಷ್ಟಕದ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದರು. 'ಕೆಜಿಎಫ್ ಎಲ್ಲಿ ಹೋಯ್ತಮ್ಮ?'

ನಾನು ಹೇಳಿದೆ, 'ಅಲ್ಲೇ ಇದೆ ಸರ್, ಬಂಗಾರಪೇಟೆ ಪಕ್ಕ.'

ಅವರು ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಮೂಲ ಕೋಷ್ಟಕವನ್ನು ನನ್ನ ಜೊತೆ ಸಾಲು ಸಾಲಾಗಿ ಓದಿದರು. ಆಗ ಗೊತ್ತಾಯಿತು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಕೋಲಾರ ಒಂದೇ ಜಿಲ್ಲೆ. ಪೊಲೀಸ್ ಲೆಕ್ಕದಲ್ಲಿ ಎರಡು. ಚಿನ್ನದ ಗಣಿಯ ಕಾಲದಿಂದ ಬಂದ ಏರ್ಪಾಡು ಅದು. ಕೆಜಿಎಫ್‌ಗೆ ಬೇರೆ ಎಸ್‌ಪಿ ಇದ್ದಾರೆ. ಗಣಿ 2001ರಲ್ಲಿ ಮುಚ್ಚಿತು, ಪೊಲೀಸ್ ಜಿಲ್ಲೆ ಮಾತ್ರ ಉಳಿಯಿತು. ಇವತ್ತಿಗೂ ಜಿಲ್ಲಾವಾರು ಪಟ್ಟಿಯಲ್ಲಿ ಕೋಲಾರ ಒಂದು ಸಾಲು, ಕೆಜಿಎಫ್ ಇನ್ನೊಂದು ಸಾಲು. ನಾನು ಕೋಲಾರದ ಸಾಲನ್ನು ಮಾತ್ರ ಎತ್ತಿಕೊಂಡಿದ್ದೆ. ಜನಸಂಖ್ಯೆಯನ್ನು ಮಾತ್ರ ಇಡೀ ಜಿಲ್ಲೆಯದ್ದು ಹಾಕಿದ್ದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್ ಇಲ್ಲಿನ ಜನರನ್ನೆಲ್ಲ ಎಣಿಸಿ, ಅವರ ಮನೆಯಲ್ಲಿ ಆದ ಕಳವನ್ನು ಬಿಟ್ಟಿದ್ದೆ. ಹಾಗಾಗಿ ನನ್ನ ಪ್ರಬಂಧದ ಪ್ರಕಾರ ಕೋಲಾರ ತುಂಬಾ ಸಾಧು ಜಿಲ್ಲೆ.

ಆ ಇಪ್ಪತ್ತು ನಿಮಿಷದಲ್ಲಿ ಕಲಿತಷ್ಟನ್ನು ಎರಡು ವರ್ಷದ ನೋಟ್ಸ್ ನನಗೆ ಕಲಿಸಿರಲಿಲ್ಲ. ಬೆಂಬಲ ಎಂಬ ಮಾತಿಗೆ ನನಗೆ ಗೊತ್ತಿರುವ ಅರ್ಥ ಇದೊಂದೇ. ಒಂದು ದಾಖಲೆಯನ್ನು ಪಕ್ಕದಲ್ಲಿ ಕೂತು ಜೊತೆಗೆ ಓದುವವರು ಒಬ್ಬರು ಬೇಕು. ಇವತ್ತಿನ ಮಾತೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಕೋಷ್ಟಕದ ಮಾತು ಬಂತಲ್ಲ, ಅದನ್ನು ಮುಗಿಸಿಬಿಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಶುರುವಾದದ್ದು 1986ರಲ್ಲಿ. 'ಕ್ರೈಂ ಇನ್ ಇಂಡಿಯಾ' ವರದಿ ಅದಕ್ಕಿಂತ ಹಳೆಯದು, 1953ರ ವರ್ಷದಿಂದಲೂ ಇದೆ. ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಅದರ ಕೋಷ್ಟಕ ನೋಡಿದ್ದೀರಿ. ಅದರ ಜೊತೆಗಿರುವ ಟಿಪ್ಪಣಿಗಳನ್ನು ಎಷ್ಟು ಜನ ಓದಿದ್ದೀರಿ? ಕೈ ಎತ್ತಬೇಡಿ, ಪರವಾಗಿಲ್ಲ.

ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೆ, ವರದಿಯಲ್ಲಿ ಎಣಿಕೆಗೆ ಬರುವುದು ಅದರಲ್ಲಿ ಅತಿ ದೊಡ್ಡದು ಒಂದೇ. ಕಳ್ಳ ಮನೆಗೆ ನುಗ್ಗಿದ, ಒಡವೆ ದೋಚಿದ, ಅಡ್ಡ ಬಂದ ಅಜ್ಜಿಯನ್ನು ಕೊಂದ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಬರುವುದು ಕೊಲೆ ಮಾತ್ರ. ಒಡವೆ ಕಳವಿನ ಸಾಲಿನಲ್ಲಿ ಆ ಅಜ್ಜಿ ಇಲ್ಲ. ಶಿಕ್ಷೆಯ ಪ್ರಮಾಣದ್ದೂ ಇಂಥದ್ದೇ ಕಥೆ. 'ಈ ವರ್ಷ ನೂರಕ್ಕೆ ಇಷ್ಟು ಶಿಕ್ಷೆ' ಅಂದರೆ ಈ ವರ್ಷ ದಾಖಲಾದ ಕೇಸಿನಲ್ಲಿ ಅಲ್ಲ, ಈ ವರ್ಷ ವಿಚಾರಣೆ ಮುಗಿದ ಕೇಸಿನಲ್ಲಿ. ಅದು ಹತ್ತು ವರ್ಷದ ಹಿಂದಿನ ಕೇಸೂ ಇರಬಹುದು.

ಇನ್ನೊಂದು ನಮ್ಮ ಕಡೆಯದ್ದೇ ಉದಾಹರಣೆ. ನನ್ನ ವಿದ್ಯಾರ್ಥಿಯೊಬ್ಬ ಕೋಲಾರದಲ್ಲಿ ಇಪ್ಪತ್ತು ವರ್ಷದ ಅಪರಾಧದ ಏರಿಳಿತದ ಗೆರೆ ಎಳೆದುಕೊಂಡು ಬಂದ. ಮಧ್ಯದಲ್ಲಿ ಗೆರೆ ಧಡಕ್ಕನೆ ಕೆಳಗೆ ಇಳಿದಿತ್ತು. ಕಾರಣಕ್ಕೆ ನಾಲ್ಕು ಪುಟ ಬರೆದಿದ್ದ. ಶಿಕ್ಷಣ ಹೆಚ್ಚಿದೆ, ಸ್ತ್ರೀಶಕ್ತಿ ಸಂಘಗಳು ಬಂದಿವೆ, ಪೊಲೀಸ್ ಬೀಟ್ ಸುಧಾರಿಸಿದೆ ಅಂತ. ನಾನು ಒಂದೇ ಮಾತು ಕೇಳಿದೆ. 'ಚಿಂತಾಮಣಿ ಯಾವ ಜಿಲ್ಲೆಯಪ್ಪಾ?' ಅವನು ತಲೆ ಮೇಲೆ ಕೈ ಇಟ್ಟುಕೊಂಡ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು, ಗುಡಿಬಂಡೆ ಎಲ್ಲವೂ ಅತ್ತ ಹೋದವು. ಅವನ ಗೆರೆಯಲ್ಲಿ ಇಳಿದದ್ದು ಅಪರಾಧ ಅಲ್ಲ, ಜಿಲ್ಲೆ!

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಎಫ್‌ಐಆರ್.

ಅಪರಾಧಶಾಸ್ತ್ರದಲ್ಲಿ ಪದವಿ ಪಡೆದು ಹೊರಗೆ ಬರುವ ಹುಡುಗ ಹುಡುಗಿಯರಲ್ಲಿ ಒಂದೇ ಒಂದು ಎಫ್‌ಐಆರನ್ನೂ ಪೂರ್ತಿ ಓದದವರು ಇದ್ದಾರೆ. ಇದು ಹೇಗಿದೆ ಅಂದರೆ, ಈಜುವುದರ ಬಗ್ಗೆ ಮೂರು ವರ್ಷ ಓದಿ ಕೋಲಾರಮ್ಮನ ಕೆರೆ ನೋಡದೆ ಇದ್ದ ಹಾಗೆ. ಮೊದಲಾದರೆ ಠಾಣೆಗೆ ಹೋಗಿ, ಬರವಣಿಗೆ ನೋಡಿಕೊಳ್ಳುವ ರೈಟರ್ ಹತ್ತಿರ ಬೇಡಿಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ತೀರ್ಪುಗಳೂ ಹಾಗೇ, ಇ-ಕೋರ್ಟ್ಸ್ ತಾಣದಲ್ಲಿ ಸಿಗುತ್ತವೆ. ಫೋನ್ ನಿಮ್ಮ ಕೈಯಲ್ಲೇ ಇದೆ.

ಕೆಲವು ವರ್ಷ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗುಲಿಯಲ್ಲಿ ಐದಾರು ಜನ ಕೂರುತ್ತಿದ್ದೆವು. ಒಂದು ಎಫ್‌ಐಆರ್, ಎರಡು ಗಂಟೆ, ಅಷ್ಟೆ. ಒಬ್ಬರು ಗಟ್ಟಿಯಾಗಿ ಓದಬೇಕು. ಹೆಸರು, ವಿಳಾಸ ಎಲ್ಲಾ ಮೊದಲೇ ಕಪ್ಪು ಶಾಯಿಯಲ್ಲಿ ಮುಚ್ಚಿರುತ್ತಿದ್ದೆ. ಮೊದಲ ವಾರ ಎಲ್ಲರೂ ಕಥೆ ಹಿಡಿದು ಓಡುತ್ತಾರೆ. ಯಾರು ಹೊಡೆದರು, ಯಾಕೆ ಹೊಡೆದರು ಅಂತ. ಎರಡನೇ ವಾರದಿಂದ ಕಲಂಗಳ ಕಡೆ ಕಣ್ಣು ಹೋಗುತ್ತದೆ. ಕೃತ್ಯ ನಡೆದ ಸಮಯ ಎಷ್ಟು? ಠಾಣೆಗೆ ಮಾಹಿತಿ ಬಂದ ಸಮಯ ಎಷ್ಟು? ತಡವಾಗಿದ್ದರೆ ಅದಕ್ಕೆ ಕಾರಣ ಬರೆಯಲು ಒಂದು ಕಲಂ ಇದೆ. ಹೆಚ್ಚಿನವರು ಅದನ್ನು ಹಾರಿಸಿ ಓದುತ್ತಾರೆ. ನನ್ನ ಮಟ್ಟಿಗೆ ಇಡೀ ಎಫ್‌ಐಆರ್‌ನಲ್ಲಿ ಅದೇ ಒಳ್ಳೆಯ ಕಲಂ. 'ಊರಿನ ಹಿರಿಯರು ಪಂಚಾಯಿತಿ ಮಾಡಿ ಬಗೆಹರಿಸುತ್ತೇವೆ ಎಂದಿದ್ದರಿಂದ ತಡವಾಯಿತು' ಎಂಬ ಒಂದು ಸಾಲಿನಲ್ಲಿ ಒಂದು ಹಳ್ಳಿಯ ಯಜಮಾನಿಕೆ ಪೂರ್ತಿ ಕಾಣುತ್ತದೆ. 'ಆಸ್ಪತ್ರೆಗೆ ಹೋಗಿ ಬಂದು ತಡವಾಯಿತು' ಎಂದಿದ್ದರೆ ಅದು ಬೇರೆ ಕಥೆ.

ಹಾಗಂತ ಎಫ್‌ಐಆರ್‌ನಲ್ಲಿ ಇರುವುದೆಲ್ಲ ಸತ್ಯ ಎಂದುಕೊಳ್ಳಬೇಡಿ. ಅದು ಮೊದಲ ಮಾತು ಅಷ್ಟೆ. 2020ರ ಡಿಸೆಂಬರ್‌ನಲ್ಲಿ ನಮ್ಮ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಗಲಾಟೆ ಆಯಿತಲ್ಲ, ನಿಮಗೆ ನೆನಪಿರುತ್ತದೆ. ಸಂಬಳದ ವಿಚಾರಕ್ಕೆ ಶುರುವಾದದ್ದು ಗಾಜು ಒಡೆಯುವ ತನಕ ಹೋಯಿತು. ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಮೊದಲ ದಿನ ನೂರಾರು ಕೋಟಿ ನಷ್ಟ ಎಂದು ಸುದ್ದಿಯಾಯಿತು. ಆಮೇಲೆ ಕಂಪನಿಯೇ ಅದಕ್ಕಿಂತ ತುಂಬಾ ಕಡಿಮೆ ಮೊತ್ತ ಹೇಳಿತು. ಮೊದಲ ದಿನದ ಪೇಪರ್ ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸಿಕೊಂಡವರು ಏನು ಮಾಡಬೇಕು? ಒಂದು ಕೇಸನ್ನು ಮೊದಲ ದಿನ, ಚಾರ್ಜ್‌ಶೀಟ್ ದಿನ, ತೀರ್ಪಿನ ದಿನ, ಹೀಗೆ ಮೂರು ಸಲ ನೋಡಬೇಕು. ಚಾರ್ಜ್‌ಶೀಟ್ ತನಕ ಹೋಗದ ಕೇಸುಗಳೂ ಇರುತ್ತವೆ. 'ಬಿ ರಿಪೋರ್ಟ್ ಹಾಕಿದರು' ಅಂತ ಊರಲ್ಲಿ ಹೇಳುತ್ತಾರಲ್ಲ, ಹಾಗಂದರೆ ಸುಳ್ಳು ಕೇಸು ಅಥವಾ ಪುರಾವೆ ಸಾಲದು ಎಂದು ಮುಚ್ಚಿದ್ದು. 'ಸಿ ರಿಪೋರ್ಟ್' ಅಂದರೆ ಅಪರಾಧ ಆಗಿದೆ, ಮಾಡಿದವರು ಪತ್ತೆಯಾಗಲಿಲ್ಲ. ಈ ಎರಡು ಅಕ್ಷರದ ವ್ಯತ್ಯಾಸ ಠಾಣೆಯ ಮುಂದೆ ಚಹಾ ಮಾರುವವನಿಗೂ ಗೊತ್ತು. ಪಠ್ಯಪುಸ್ತಕದಲ್ಲಿ ನಾನಂತೂ ನೋಡಿಲ್ಲ.

ಭಾಷೆಯ ವಿಷಯಕ್ಕೆ ಬರೋಣ. ಇಂಗ್ಲಿಷ್ ಪುಸ್ತಕ ಓದಕ್ಕಾಗಲ್ಲ ಮೇಡಂ ಎಂದು ನಿಮ್ಮಲ್ಲಿ ಬಹಳ ಜನ ಬೇಜಾರು ಮಾಡಿಕೊಳ್ಳುತ್ತೀರಿ. ಆ ಕಷ್ಟ ನಿಜ. ಒಳ್ಳೆಯ ಪುಸ್ತಕ ಇಂಗ್ಲಿಷ್‌ನಲ್ಲಿ, ಪಾಠ ಕನ್ನಡದಲ್ಲಿ, ಗೈಡ್ ಪುಸ್ತಕ ಯಾರಿಗೂ ಅರ್ಥವಾಗದ ಅನುವಾದದಲ್ಲಿ. ಅಧ್ಯಾಪಕರಿಗೆ ನನ್ನ ಕೋರಿಕೆ ಒಂದಿದೆ. ಇಡೀ ಪುಸ್ತಕ ಅನುವಾದ ಮಾಡಲು ಹೋಗಬೇಡಿ. ವಾರಕ್ಕೆ ಎರಡು ಪುಟ ಇಂಗ್ಲಿಷ್ ಮೂಲವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಜಗಳ ಆಡಿಸಿ. ಒಂದು ಸೆಮಿಸ್ಟರ್‌ಗೆ ಮೂವತ್ತು ಪುಟ ಆಗುತ್ತದೆ. ಮೂವತ್ತು ಪುಟ ನಿಜವಾಗಿ ಅರ್ಥವಾದರೆ ಮುಂದಿನ ಮುನ್ನೂರನ್ನು ಅವರೇ ಓದಿಕೊಳ್ಳುತ್ತಾರೆ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ಈ ಸಭಾಂಗಣದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವವರು ಎಷ್ಟು ಜನ ಇದ್ದೀರಿ? ನೋಡಿ, ಅರ್ಧಕ್ಕಿಂತ ಜಾಸ್ತಿ. ಕೆಜಿಎಫ್ ಕಡೆಯಿಂದ ಬಂದವರಿಗೆ ತಮಿಳೂ ಬರುತ್ತದೆ. ಈಗ ಯೋಚನೆ ಮಾಡಿ. ಶ್ರೀನಿವಾಸಪುರದ ಒಂದು ಹಳ್ಳಿಯ ಹೆಂಗಸು ತನಗಾದ ಅನ್ಯಾಯವನ್ನು ತೆಲುಗಿನಲ್ಲಿ ಹೇಳುತ್ತಾಳೆ. ಠಾಣೆಯಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಕೇಸು ಮೇಲಿನ ಕೋರ್ಟಿಗೆ ಹೋದಾಗ ಅದು ಇಂಗ್ಲಿಷ್ ಆಗುತ್ತದೆ. ಅವಳು 'ಕೊಟ್ಟಾಡು', ಅಂದರೆ ಹೊಡೆದ, ಅಂದದ್ದು 'ಹಲ್ಲೆ ನಡೆಸಿರುತ್ತಾನೆ' ಆಗುತ್ತದೆ. ಅವಳು ಹೇಳಿದ ಬೈಗುಳ 'ಅವಾಚ್ಯ ಶಬ್ದಗಳಿಂದ ನಿಂದಿಸಿ' ಎಂಬ ಅಚ್ಚಿನ ಮಾತಾಗುತ್ತದೆ. ಯಾವ ಬೈಗುಳ? ಜಾತಿ ಹಿಡಿದು ಬೈದನೇ, ಇಲ್ಲವೇ? ಕೇಸಿನ ಹಣೆಬರಹವೇ ಅದರ ಮೇಲೆ ನಿಂತಿರಬಹುದು. ಮಾತು ಎಲ್ಲಿ ಸವೆಯಿತು ಎಂದು ಹಿಡಿಯಲು ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರ್‌ಗೆ ಕಷ್ಟ. ನಿಮಗೆ ಕಷ್ಟವಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ತನಿಖೆ ವೇಳೆ ಪೊಲೀಸರು ಸಾಕ್ಷಿಯಿಂದ ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ. ಕಾನೂನೇ ಬೇಡ ಎನ್ನುತ್ತದೆ. ಪೊಲೀಸರು ಬಲವಂತವಾಗಿ ಹೇಳಿಸಬಾರದು ಎಂಬ ಒಳ್ಳೆಯ ಉದ್ದೇಶ ಅದರ ಹಿಂದೆ ಇದೆ. ಆದರೆ ಅದರ ಫಲ ಇನ್ನೊಂದೂ ಇದೆ. ಕೋರ್ಟಿನ ಕಟಕಟೆಯಲ್ಲಿ ನಿಂತು 'ನಾನು ಹಾಗೆ ಹೇಳಿಲ್ಲ ಸ್ವಾಮಿ' ಎಂದರೆ ಮುಗಿಯಿತು. ಸಾಕ್ಷಿ ಹಾಸ್ಟೈಲ್ ಆದ, ತಿರುಗಿಬಿದ್ದ ಎನ್ನುತ್ತಾರೆ.

ಕಂಬಾಲಪಲ್ಲಿ ಎಂದರೆ ನಿಮ್ಮ ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ. ಚಿಂತಾಮಣಿ ತಾಲ್ಲೂಕು, ಆಗ ನಮ್ಮ ಜಿಲ್ಲೆಯೇ. 2000ರ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಬೆಂಕಿ ಹಚ್ಚಿ ಸುಟ್ಟು ಕೊಂದರು. ಏಳು ಜೀವ. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಯಾಕೆ ತಿರುಗಿಬಿದ್ದರು ಎಂಬ ಪ್ರಶ್ನೆಗೆ ಕಾನೂನು ಪುಸ್ತಕದಲ್ಲಿ ಉತ್ತರ ಇಲ್ಲ. ಹೊಲ ಯಾರದ್ದು, ಕೂಲಿ ಕೊಡುವವರು ಯಾರು, ನೀರು ಬಿಡುವವರು ಯಾರು, ಆರು ವರ್ಷ ಅದೇ ಓಣಿಯಲ್ಲಿ ಎದುರುಬದುರು ಬದುಕುವುದು ಅಂದರೆ ಏನು, ಇಲ್ಲಿಂದ ಹುಡುಕಬೇಕು. ಅಪರಾಧಶಾಸ್ತ್ರದ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದಲೇ. 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣೆಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರಕಾರ ಪ್ರತಿ ರಾಜ್ಯ ಸರ್ಕಾರವೂ ಇಂಥ ಯೋಜನೆ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಯಾರಾದರೂ ಒಂದು ಪ್ರಾಜೆಕ್ಟ್ ಮಾಡಿ. ನಾನು ಬಂದು ಕೇಳುತ್ತೇನೆ.

ಸಿದ್ಧಾಂತ ಅಂದರೆ ಹೆದರುತ್ತೀರಿ. ಹೆಸರು ಬಾಯಿಪಾಠ ಮಾಡಿಸಿ ಹೆದರಿಸಿದ್ದು ನಾವೇ. ಸದರ್‌ಲ್ಯಾಂಡ್, ಮೆರ್ಟನ್, ಹಿರ್ಶಿ, ಬೆಕರ್ ಅಂತ ಪರೀಕ್ಷೆ ದಿನ ಮಗ್ಗಿ ಹೇಳಿದ ಹಾಗೆ ಹೇಳುತ್ತೀರಿ. ನಾನು ಟೊಮ್ಯಾಟೊ ಹಿಡಿದು ಒಂದನ್ನು ಹೇಳುತ್ತೇನೆ.

1979ರಲ್ಲಿ ಕೊಹೆನ್ ಮತ್ತು ಫೆಲ್ಸನ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಮಾತು ಹೇಳಿದರು. ಕಳವು ಆಗಬೇಕಾದರೆ ಮೂರು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸೇರಬೇಕು. ಕದಿಯಲು ಮನಸ್ಸಿರುವವನು, ಕದಿಯಲು ಲಾಯಕ್ಕಾದ ವಸ್ತು, ಕಾಯುವವರು ಇಲ್ಲದಿರುವುದು. ದಿನಚರಿ ಸಿದ್ಧಾಂತ ಅಂತ ಕರೆಯೋಣ. ಈಗ 2023ರ ಜುಲೈ ನೆನಪು ಮಾಡಿಕೊಳ್ಳಿ. ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ಆಸುಪಾಸು ಹೋಯಿತು. ಅದೇ ತೋಟ, ಅದೇ ಬೇಲಿ, ಅದೇ ರಸ್ತೆ. ಊರಿನ ಜನ ರಾತ್ರೋರಾತ್ರಿ ಕೆಟ್ಟವರಾಗಲಿಲ್ಲ. ಹಿಂದೆ ಬೆಲೆ ಇಲ್ಲದೆ ರಸ್ತೆಗೆ ಸುರಿಯುತ್ತಿದ್ದ ಹಣ್ಣು ಈಗ ಕದಿಯಲು ಲಾಯಕ್ಕಾಯಿತು. ತೋಟದಿಂದ ಕಿತ್ತುಕೊಂಡು ಹೋದರು. ಚಿತ್ರದುರ್ಗ ಜಿಲ್ಲೆಯಿಂದ ಕೋಲಾರ ಮಾರುಕಟ್ಟೆಗೆ ಬರುತ್ತಿದ್ದ ಟೊಮ್ಯಾಟೊ ಗಾಡಿಯನ್ನೇ ಬೆಂಗಳೂರಿನಲ್ಲಿ ಜಗಳ ತೆಗೆದು ಓಡಿಸಿಕೊಂಡು ಹೋದ ಕೇಸೂ ಆಯಿತು. ರೈತರು ತೋಟದಲ್ಲಿ ಚಾಪೆ ಹಾಕಿ ಮಲಗಿದರು. ಅಂದರೆ ಮೂರನೆಯದನ್ನು, ಕಾವಲನ್ನು, ಸರಿಪಡಿಸಿದರು. ಬೆಲೆ ಇಳಿಯಿತು, ಚಾಪೆ ಸುತ್ತಿಕೊಂಡು ಮನೆಗೆ ಹೋದರು. ಸಿದ್ಧಾಂತ ಇಷ್ಟೇ. ಇದನ್ನು ಪರೀಕ್ಷೆಯಲ್ಲಿ ಹೀಗೇ ಬರೆಯಿರಿ. ಅಮೆರಿಕದ ಟಿವಿ, ಕಾರಿನ ಉದಾಹರಣೆ ಯಾಕೆ ಬೇಕು?

ಕಳ್ಳ ಕಳ್ಳ ಎಂದು ಕರೆದೇ ಒಬ್ಬನನ್ನು ಕಳ್ಳನನ್ನಾಗಿ ಮಾಡುತ್ತೇವೆ ಎನ್ನುವ ಹಣೆಪಟ್ಟಿ ಸಿದ್ಧಾಂತಕ್ಕೂ ದೂರ ಹೋಗಬೇಕಿಲ್ಲ. ಹುಟ್ಟಾ ಅಪರಾಧಿ ಎಂಬ ಮಾತಿಗೆ ಇಟಲಿಯ ಲೊಂಬ್ರೋಸೊ ಹೆಸರು ಹೇಳುತ್ತೀರಿ, 1876 ಅಂತ ಇಸವಿ ಬರೆಯುತ್ತೀರಿ. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ತಂದಿತ್ತು. ಇಡೀ ಇಡೀ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿತು. ಹಾಜರಿ ಹಾಕಿಸಿತು, ಊರು ಬಿಟ್ಟು ಹೋಗಲು ಚೀಟಿ ಬೇಕು ಎಂದಿತು. 1952ರಲ್ಲಿ ಆ ಪಟ್ಟಿ ರದ್ದಾಯಿತು. ಹಣೆಪಟ್ಟಿ? ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಯ ನಿಯಮಗಳನ್ನು, ಈ ಸಮುದಾಯಗಳ ಮೇಲಿನ ಮಾತುಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿ ಎಂದದ್ದು 2024ರ ಅಕ್ಟೋಬರ್‌ನಲ್ಲಿ. ಎಪ್ಪತ್ತೆರಡು ವರ್ಷ ಬೇಕಾಯಿತು ನೋಡಿ. ನಿಮ್ಮ ಪಕ್ಕದ ಬೆಂಚಿನಲ್ಲೇ ಆ ಸಮುದಾಯದ ಗೆಳೆಯ ಕೂತಿರಬಹುದು. ಮೇಷ್ಟ್ರು ಪಾಠ ಮಾಡುವಾಗ ಇದು ನೆನಪಿರಲಿ.

ಹೊಸ ಕಾನೂನು ಬಂದ ಮೇಲೆ ಒಂದು ಗಡಿಬಿಡಿ ಇದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂ ಇದ್ದದ್ದು 358 ಆಯಿತು. ಕೊಲೆಗೆ 302 ಎಂದು ನಾವೆಲ್ಲ ಸಿನಿಮಾ ನೋಡಿ ಕಲಿತಿದ್ದೆವು. ಈಗ ಅದು 103. ಹೊಸ ಸಂಹಿತೆಯ 302 ಏನು ಗೊತ್ತಾ? ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಮಾತಾಡುವುದು. ಹಳೇ ಗೈಡ್ ನೋಡಿಕೊಂಡು ಪರೀಕ್ಷೆ ಬರೆದರೆ ಕೊಲೆಗಾರನನ್ನು ಬಾಯಿಬಡುಕ ಮಾಡಿಬಿಡುತ್ತೀರಿ. ಹಾಗಂತ ಹಳೆಯದನ್ನು ಮರೆಯುವಂತಿಲ್ಲ. 2024ರ ಜುಲೈಗೆ ಮೊದಲು ನಡೆದ ಕೃತ್ಯಕ್ಕೆ ಐಪಿಸಿಯೇ. ಇನ್ನೂ ಎಷ್ಟೋ ವರ್ಷ ಕೋರ್ಟಿನಲ್ಲಿ ಎರಡೂ ಓಡುತ್ತವೆ. ಗ್ರಂಥಾಲಯದಲ್ಲಿ ಹಳೆ ಕಲಂ ಒಂದು ಕಡೆ, ಹೊಸ ಕಲಂ ಒಂದು ಕಡೆ ಬರೆದ ದೊಡ್ಡ ಹಾಳೆ ಅಂಟಿಸಿ. ಒಂದು ಮಧ್ಯಾಹ್ನದ ಕೆಲಸ.

ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಬೇರೆಯವರು ಬರುತ್ತಾರೆ. ಒಂದು ಭ್ರಮೆ ಮಾತ್ರ ಬಿಡಿಸುತ್ತೇನೆ. ಬಿ.ಎ.ನಲ್ಲಿ ಅಪರಾಧಶಾಸ್ತ್ರ ಓದಿದರೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಬಹುದು ಎಂದುಕೊಂಡಿದ್ದರೆ, ಆಗುವುದಿಲ್ಲ. ಅದಕ್ಕೆ ವಿಜ್ಞಾನದ ಪದವಿ ಬೇಕು. ಮೊದಲ ವರ್ಷವೇ ಇದನ್ನು ಹೇಳದೆ ಇರುವುದು ಮಕ್ಕಳಿಗೆ ಮಾಡುವ ಮೋಸ.

ಝೆರಾಕ್ಸ್ ಅಂಗಡಿಯ ಪ್ರಾಜೆಕ್ಟ್ ಬಗ್ಗೆ ಮಾತಾಡದೆ ಹೋದರೆ ನಾನು ಸುಳ್ಳುಗಾತಿ ಆಗುತ್ತೇನೆ. ಎಲ್ಲರಿಗೂ ಗೊತ್ತು, ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ, ಊರಿನ ಹೆಸರು ಬದಲಿಸಿ ಕೊಡುತ್ತಾರೆ. ಒಮ್ಮೆ ನನ್ನ ಕೈಗೆ 'ಮಾಲೂರು ತಾಲ್ಲೂಕಿನಲ್ಲಿ ಕಳವು' ಎಂಬ ಪ್ರಾಜೆಕ್ಟ್ ಬಂತು. ಹದಿನಾಲ್ಕನೇ ಪುಟದಲ್ಲಿ ಮೀನುಗಾರರ ದೋಣಿ ಕಳವಾಗಿತ್ತು. ಮಾಲೂರಿನಲ್ಲಿ ದೋಣಿ! ಈಗ ಇನ್ನೂ ಸಲೀಸು. ಫೋನಿಗೆ ಕೇಳಿದರೆ ಅದೇ ಬರೆದುಕೊಡುತ್ತದೆ, ಇಲ್ಲದ ತೀರ್ಪನ್ನೂ ಇಸವಿ ಸಮೇತ ಹೇಳುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂರು ವರ್ಷದಲ್ಲಿ ಯಾರೂ ಅವನ ಪಕ್ಕ ಕೂತು ಒಂದು ಕಾಗದ ಓದಿರಲಿಲ್ಲ. ಅವನು ಇನ್ನೇನು ಮಾಡುತ್ತಾನೆ?

ಕೋರ್ಟಿಗೆ ಹೋಗಿ ಕೂರಿ. ಜಿಲ್ಲಾ ನ್ಯಾಯಾಲಯ ಎಲ್ಲರಿಗೂ ತೆರೆದ ಜಾಗ. ಅತ್ಯಾಚಾರ, ಪೋಕ್ಸೊ (ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಕೇಸಿನ ವಿಚಾರಣೆಗೆ ಬಿಡುವುದಿಲ್ಲ, ಬಿಡಲೂಬಾರದು. ಉಳಿದದ್ದಕ್ಕೆ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಫೋನ್ ಸೈಲೆಂಟ್, ಬಾಯಿಯೂ ಸೈಲೆಂಟ್. ದೇಶದ ಜೈಲುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತೈದು ಜನ ವಿಚಾರಣಾಧೀನ ಕೈದಿಗಳು ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೀರಿ. ಒಂದು ಬೆಳಿಗ್ಗೆಯಲ್ಲಿ ಎಷ್ಟು ಕೇಸಿಗೆ ಬರೀ ಮುಂದಿನ ತಾರೀಕು ಸಿಗುತ್ತದೆ ಎಂದು ಎಣಿಸಿ. ಆ ಎಪ್ಪತ್ತೈದು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಕಾಣುತ್ತದೆ.

ಇನ್ನೊಂದು ಬೆಂಬಲದ ಬಗ್ಗೆ ನಾವು ಮಾತೇ ಆಡುವುದಿಲ್ಲ. ಒಂದು ಸಲ ನಾನು ಕೌಟುಂಬಿಕ ಹಿಂಸೆಯ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು. ಅಶಿಸ್ತು ಎಂದುಕೊಂಡು ಹಾಜರಿ ಕತ್ತರಿಸಿದೆ. ಎರಡು ವಾರ ಆದ ಮೇಲೆ ಗೊತ್ತಾಯಿತು, ನಾನು ಬೋರ್ಡಿನ ಮೇಲೆ ಬರೆದದ್ದು ಅವಳ ಮನೆಯಲ್ಲಿ ನಡೆಯುತ್ತಿತ್ತು. ಆ ಹಾಜರಿ ಇವತ್ತಿಗೂ ಚುಚ್ಚುತ್ತದೆ. ಈ ವಿಷಯ ಓದುವವರಲ್ಲಿ ಕೆಲವರು ತಾವೇ ಏಟು ತಿಂದವರು. ಪಾಠಕ್ಕೆ ಮೊದಲು 'ಇವತ್ತು ಇಂಥ ವಿಷಯ ಇದೆ, ಬೇಡ ಅನಿಸಿದರೆ ಗ್ರಂಥಾಲಯಕ್ಕೆ ಹೋಗಿ ಕೂರಿ, ಯಾಕೆ ಅಂತ ಕೇಳುವುದಿಲ್ಲ' ಎಂದರೆ ಸಾಕು. ನಿಮಗೇ ಮನಸ್ಸು ಭಾರ ಆದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಇದ್ದರೆ ಕೇಳಿ.

'ಮೇಡಂ, ಪೋಕ್ಸೊ ಕೇಸಿನ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಮಕ್ಕಳನ್ನು ಭೇಟಿ ಮಾಡಿ ಪ್ರಶ್ನಾವಳಿ ತುಂಬಿಸಬಹುದಾ?' ಎಂದು ಹಿಂದಿನ ಸಾಲಿನ ಹುಡುಗ ಕೇಳಿದ.

ಬೇಡಪ್ಪಾ. ಖಂಡಿತ ಬೇಡ. ಆ ಮಗು ಈಗಾಗಲೇ ಪೊಲೀಸರಿಗೆ, ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ, ಕೋರ್ಟಿಗೆ ಅದನ್ನೇ ಹೇಳಿ ಹೇಳಿ ಸುಸ್ತಾಗಿರುತ್ತದೆ. ನಿನ್ನ ಹತ್ತು ಅಂಕಕ್ಕೆ ಐದನೇ ಸಲ ಹೇಳಿಸಬಾರದು. ಮಗುವಿನ ಗುರುತು ಸಿಗುವ ಯಾವ ವಿವರ ಹೊರಗೆ ಬಂದರೂ ಅದೇ ಒಂದು ಅಪರಾಧ. ಪೋಕ್ಸೊ ಕಾಯ್ದೆಯ 23ನೇ ಕಲಂ ಓದು. ಊರಿನ ಹೆಸರು, ಶಾಲೆಯ ಹೆಸರು ಹಾಕಿದರೂ ಗುರುತು ಸಿಕ್ಕ ಹಾಗೇ. ಹೆಸರಿಲ್ಲದ ತೀರ್ಪುಗಳು ಸಿಗುತ್ತವೆ, ಅದರಲ್ಲಿ ಹತ್ತು ಆರಿಸಿಕೋ. ಘಟನೆಯಿಂದ ತೀರ್ಪಿಗೆ ಎಷ್ಟು ದಿನ ಹಿಡಿಯಿತು, ಸಾಕ್ಷಿಗಳಲ್ಲಿ ಎಷ್ಟು ಜನ ತಿರುಗಿಬಿದ್ದರು ಎಂದು ನೋಡು. ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂತು. ಹೆಸರಿರಲಿಲ್ಲ. 'ನಮ್ಮ ಊರಿನಲ್ಲೇ ಒಂದು ಕೊಲೆ ಕೇಸು ಇದೆ. ಆರೋಪಿ ನಮ್ಮ ಮಾವ. ಅದನ್ನೇ ತೆಗೆದುಕೊಳ್ಳಬಹುದಾ?'

ಸ್ವಲ್ಪ ಹೊತ್ತು ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ ಹೇಳಿದೆ. ಅಂಕಕ್ಕೆ ಬೇಡ. ಕೇಸು ನಡೆಯುತ್ತಿರುವಾಗ ನೀನು ಯಾರ ಮನೆಗೆ ಹೋಗಿ ಏನು ಕೇಳಿದರೂ ಸಾಕ್ಷಿಯನ್ನು ಒತ್ತಾಯ ಮಾಡಿದ ಹಾಗೆ ಕಾಣುತ್ತದೆ, ನಿನಗೂ ತೊಂದರೆ, ಅವರಿಗೂ ತೊಂದರೆ. ಬೇರೆ ತಾಲ್ಲೂಕಿನ, ತೀರ್ಪು ಬಂದು ಮುಗಿದ ಒಂದು ಕೊಲೆ ಕೇಸು ತೆಗೆದುಕೋ. ಆದರೆ ಮಾವನ ಕೇಸಿನ ಎಫ್‌ಐಆರ್ ಓದಬೇಕು ಅಂತ ನಿನಗೆ ಆಸೆ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಒಬ್ಬಳೇ, ಅಥವಾ ಒಬ್ಬನೇ, ಓದಬೇಡ. ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ಬಲಗಡೆ ಬಾಗಿಲ ಹತ್ತಿರ ಚಹಾ ಕುಡಿಯುತ್ತಾ ಕೂತಿರುತ್ತೇನೆ. ಫೋನಿನಲ್ಲಿ ಅದನ್ನು ತೆರೆದುಕೊಂಡು ಬಾ. ಇಬ್ಬರೂ ಕೂತು ಓದೋಣ.